ಅಜ್ಜ ವೈತರಣಿ ದಾಟಿದರಾ ಅಂತ ಮಗಳು ಕೇಳಿದರೆ ಏನು ಹೇಳೋದು?

ಕೇಳಿದವರು: ಕೋಥರೂಡ್, ಪುಣೆ

ಅಪ್ಪ ಹೋಗಿ ಹನ್ನೊಂದು ತಿಂಗಳಾಯಿತು. ಹದಿಮೂರು ದಿನದ ಕರ್ಮವನ್ನು ಇಲ್ಲೇ ಪುಣೆಯಲ್ಲಿ ಮುಗಿಸಿದೆವು. ದಿನಾ ಸಂಜೆ ಆಚಾರ್ಯರು ಬಂದು ಗರುಡ ಪುರಾಣ ಓದಿ ಅರ್ಥ ಹೇಳುತ್ತಿದ್ದರು. ಮನೆ ತುಂಬ ಜನ. ಮಕ್ಕಳನ್ನು ಒಳಗೆ ಕಳಿಸಬೇಕು ಅಂತ ಯಾರಿಗೂ ಹೊಳೆಯಲಿಲ್ಲ. ಹತ್ತು ವರ್ಷದ ಮಗಳು ಅಜ್ಜಿಯ ತೊಡೆಗೆ ಒರಗಿಕೊಂಡು ಎಲ್ಲ ಕೇಳಿಸಿಕೊಂಡಿದ್ದಾಳೆ. ರಕ್ತ, ಕೀವು ಹರಿಯುವ ವೈತರಣಿ ನದಿ. ಗೋದಾನ ಆಗಿದ್ದರೆ ಹಸುವಿನ ಬಾಲ ಹಿಡಿದು ದಾಟಬಹುದು, ಇಲ್ಲದಿದ್ದರೆ ಮುಳುಗಬೇಕು. ಯಮನ ಊರು 86,000 ಯೋಜನ ದೂರ. ದಿನಕ್ಕೆ 247 ಯೋಜನ ನಡೆದರೂ ಮುಟ್ಟಲು ಹೆಚ್ಚುಕಡಿಮೆ ಒಂದು ವರ್ಷ.

ನಾವು ಹಸುವಿನ ಬದಲು ತೆಂಗಿನಕಾಯಿ ಇಟ್ಟು 1,100 ರೂಪಾಯಿ ಕೊಟ್ಟಿದ್ದೆವು. ಮೊನ್ನೆ ರಾತ್ರಿ ದೀಪ ಆರಿಸಿದ ಮೇಲೆ ಅವಳು ಕೇಳಿದಳು, "ಅಮ್ಮಾ, 1,100ಕ್ಕೆ ಹಸು ಬರತ್ತಾ?" ಸ್ವಲ್ಪ ಹೊತ್ತು ಬಿಟ್ಟು, "ಮುಂದಿನ ತಿಂಗಳು ವರ್ಷ ಆಗತ್ತೆ. ಅಜ್ಜ ದಾಟಿದರಾ?" ಅಂದಳು. ಈ ಮಗು ಹನ್ನೊಂದು ತಿಂಗಳಿಂದ ದಿನ ಎಣಿಸುತ್ತಿತ್ತು ಅಂತ ನನಗೆ ಆವತ್ತೇ ಗೊತ್ತಾಗಿದ್ದು.

ಲೆಕ್ಕದ ಪುಸ್ತಕ ಹಿಡಿದು ಕೂತಿರುವ ದೇವರನ್ನು ನಾನು ನಂಬುವುದು ಬಿಟ್ಟು ಬಹಳ ವರ್ಷ ಆಯಿತು. ದೀಪ ಹಚ್ಚುವುದು ಬಿಟ್ಟಿಲ್ಲ. ಎರಡೂ ಹೇಗೆ ಒಟ್ಟಿಗೆ ನಡೆಯುತ್ತಿವೆ ಅಂತ ಕೇಳಬೇಡಿ. ಈಗ ವರ್ಷಾಂತಿಕ ಬರುತ್ತಿದೆ. ಅಮ್ಮನಿಗೆ ಎಲ್ಲ ಶಾಸ್ತ್ರ ಪ್ರಕಾರವೇ ಆಗಬೇಕು. ಮಗಳಿಗೆ "ಎಲ್ಲ ಸುಳ್ಳು" ಅನ್ನಲು ಬಾಯಿ ಬರುವುದಿಲ್ಲ, "ಎಲ್ಲ ನಿಜ" ಅನ್ನಲು ಅದಕ್ಕಿಂತ ಬರುವುದಿಲ್ಲ. ನೀವು ನಿಮ್ಮ ಮಕ್ಕಳಿಗೆ ಏನು ಹೇಳಿದಿರಿ? ನಿಮಗೆ ನೀವು ಏನು ಹೇಳಿಕೊಂಡಿರಿ?

ಡೊಂಬಿವಲಿಯಿಂದ

ಅಕ್ಕಾ, ನಾನು ಮಾಡಿದ ತಪ್ಪು ಹೇಳುತ್ತೇನೆ, ನೀವು ಮಾಡಬೇಡಿ. ಮಗನಿಗೆ ಏಳು ವರ್ಷ ಇದ್ದಾಗ ರಾಹು ಚಂದ್ರನನ್ನು ನುಂಗುವುದರ ಬಗ್ಗೆ ಕೇಳಿದ. "ಅದೆಲ್ಲ ಸುಮ್ನೆ ಕಥೆ ಕಣೋ" ಅಂದುಬಿಟ್ಟೆ. ಮುಂದಿನ ಗ್ರಹಣಕ್ಕೆ ನಮ್ಮತ್ತೆ ಊಟದ ಪಾತ್ರೆಗಳ ಮೇಲೆ ದರ್ಭೆ ಇಡುತ್ತಿದ್ದರು. ಇವನು ಹೋಗಿ, "ಅಜ್ಜೀ, ನೀನು ಸುಳ್ಳು ನಂಬ್ತೀಯಂತೆ, ಅಪ್ಪ ಹೇಳಿದ" ಅಂದ. ಅತ್ತೆ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ತಪ್ಪು ನನ್ನದೇ. ನಮ್ಮ ಮನೆಗಳಲ್ಲಿ "ಕಥೆ ಕಟ್ಟಬೇಡ" ಅಂದರೆ "ಸುಳ್ಳು ಹೇಳಬೇಡ" ಅಂತ ತಾನೆ ಅರ್ಥ? ಮಗು ಹಾಗೇ ತಿಳಿದುಕೊಂಡಿತು. ಆಮೇಲೆ ಪಂಚಾಂಗ ತಂದು ಅವನ ಮುಂದಿಟ್ಟೆ. ಗ್ರಹಣ ಹಿಡಿಯುವ ಹೊತ್ತು, ಬಿಡುವ ಹೊತ್ತು ನಿಮಿಷದ ಲೆಕ್ಕದಲ್ಲಿ ಅಚ್ಚಾಗಿತ್ತು. ಹಸಿದ ರಾಕ್ಷಸ ಹೀಗೆ ಟೈಮ್ ಟೇಬಲ್ ಹಾಕಿಕೊಂಡು ಬರುವುದಿಲ್ಲ ಅಲ್ವಾ? ಭೂಮಿಯ ನೆರಳು ಬಿದ್ದು ಚಂದ್ರಗ್ರಹಣ ಆಗುತ್ತದೆ ಅಂತ ಆರ್ಯಭಟ 499ರಲ್ಲೇ ಬರೆದಿಟ್ಟಿದ್ದಾನೆ. ನಮ್ಮ ಹಿರಿಯರು ರಾಹುವಿನ ಕಥೆಯನ್ನೂ ಹೇಳುತ್ತಿದ್ದರು, ನೆರಳಿನ ಲೆಕ್ಕವನ್ನೂ ಹಾಕುತ್ತಿದ್ದರು. ಇದು ಮಗನಿಗೆ ಒಪ್ಪಿಗೆಯಾಯಿತು. ಅತ್ತೆಗೂ ಆಯಿತು ಅನ್ನಲಾರೆ.

ಮಾಟುಂಗಾದಿಂದ ಹಿರಿಯರೊಬ್ಬರು

ತಂಗೀ, ನನಗೆ ಎಪ್ಪತ್ತೊಂದು. ಮನೆಯವಳು ಹೋದಾಗ ನನಗೂ ಇದೇ ಆಯಿತು. ಚಿಕ್ಕ ಮಗುವಾಗಿ ಅಲ್ಲ, ಅರವತ್ತಾರನೇ ವಯಸ್ಸಿನಲ್ಲಿ! ಅವಳು ಆಸ್ಪತ್ರೆಯಲ್ಲಿ ಅಷ್ಟು ಅನುಭವಿಸಿದ್ದಳು. ಅದರ ಮೇಲೆ ಇನ್ನೂ ಒಂದು ವರ್ಷ ಬರಿಗಾಲಲ್ಲಿ ಮುಳ್ಳಿನ ಮೇಲೆ ನಡೆಯಬೇಕಾ ಅಂತ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಪುಸ್ತಕ ತರಿಸಿ ಓದಿದೆ. ಮನೆಯಲ್ಲಿ ಇಟ್ಟುಕೊಳ್ಳಬಾರದು ಅಂತಾರೆ. ಇಟ್ಟುಕೊಂಡಿದ್ದೇನೆ, ಏನೂ ಆಗಿಲ್ಲ.

ಮೊದಲು ಗೊತ್ತಾಗಿದ್ದು ಏನೆಂದರೆ, ನಮ್ಮ ಮನೆಯಲ್ಲಿ ಓದಿದ್ದು ಪೂರ್ತಿ ಗರುಡ ಪುರಾಣವೇ ಅಲ್ಲ. ಅದು ಸಾರೋದ್ಧಾರ ಅಂತ, ನೌನಿಧಿರಾಮ ಅನ್ನುವ ಪಂಡಿತರು ಎಷ್ಟೋ ಕಾಲದ ಮೇಲೆ ಹದಿನಾರು ಅಧ್ಯಾಯಗಳಲ್ಲಿ ಮಾಡಿದ ಸಂಗ್ರಹ. ದೊಡ್ಡ ಗರುಡ ಪುರಾಣದಲ್ಲಿ ಏನೇನಿದೆ ಗೊತ್ತಾ? ಮುತ್ತು, ವಜ್ರಗಳನ್ನು ಪರೀಕ್ಷಿಸುವುದು ಹೇಗೆ, ಜ್ವರಕ್ಕೆ ಏನು ಔಷಧ, ಅಷ್ಟು ಸಾಲದು ಅಂತ ವ್ಯಾಕರಣ. ಮುತ್ತಿನ ವ್ಯಾಪಾರಿಗೂ ವೈದ್ಯನಿಗೂ ಬೇಕಾದ ಪುಸ್ತಕ. ನಾವು ನರಕದ ಪುಟಗಳನ್ನಷ್ಟೇ ಹರಿದುಕೊಂಡು ಇಟ್ಟುಕೊಂಡೆವು.

ಇನ್ನೊಂದು ಇದೆ, ಅದು ನನ್ನ ಸಿಟ್ಟನ್ನೇ ಇಳಿಸಿತು. ಆ ಸಾರೋದ್ಧಾರದ ಕೊನೆಯ ಅಧ್ಯಾಯದಲ್ಲಿ ಗರುಡ ಮೋಕ್ಷದ ವಿಷಯ ಕೇಳುತ್ತಾನೆ. ಉತ್ತರದಲ್ಲಿ ವಿಷ್ಣು ಬರಿಯ ಆಚಾರ ನಂಬಿದವರನ್ನು ಗೇಲಿ ಮಾಡುತ್ತಾನೆ. ಬತ್ತಲೆ ತಿರುಗಿದರೆ ಮುಕ್ತಿ ಅನ್ನುವುದಾದರೆ ಕತ್ತೆಗೂ ಸಿಗಬೇಕಲ್ಲ? ಬೂದಿ ಬಳಿದುಕೊಂಡರೆ ಮುಕ್ತಿ ಅಂದರೆ ಬೂದಿಯಲ್ಲೇ ಹೊರಳುವ ನಾಯಿಗೆ? ಗಂಗೆಯಲ್ಲಿ ಹುಟ್ಟಿ ಅಲ್ಲೇ ಸಾಯುವ ಕಪ್ಪೆ, ಮೀನುಗಳೆಲ್ಲ ಯೋಗಿಗಳಾ? ವೈತರಣಿ ಇರುವ ಪುಸ್ತಕದಲ್ಲೇ ಇದೆ ಇದು! ನಾನು ಒಬ್ಬನೇ ಕೂತು ಜೋರಾಗಿ ನಕ್ಕೆ. ಅವಳು ಹೋದ ಮೇಲೆ ಅದೇ ಮೊದಲು. ನಮ್ಮ ಮನೆಯ ಓದು ಆ ಅಧ್ಯಾಯದವರೆಗೆ ಬರಲೇ ಇಲ್ಲ. ಮಳೆ, ಲೋಕಲ್ ಟ್ರೈನ್ ನಿಂತಿತ್ತು, ಆಚಾರ್ಯರು ಎರಡು ದಿನ ಬರಲಾಗಲಿಲ್ಲ.

ನೀವು ಮಾಧ್ವರಾದರೆ ಇನ್ನೊಂದು ಮಾತು. ಮಧ್ವಾಚಾರ್ಯರು ಮಹಾಭಾರತ ತಾತ್ಪರ್ಯ ನಿರ್ಣಯದ ಎರಡನೇ ಅಧ್ಯಾಯದಲ್ಲೇ ಹೇಳಿದ್ದಾರೆ: ಗ್ರಂಥಗಳಲ್ಲಿ ಕೆಲವರು ಇಲ್ಲದ್ದನ್ನು ಸೇರಿಸಿದ್ದಾರೆ, ಕೆಲವರು ಇದ್ದದ್ದನ್ನು ಬಿಟ್ಟಿದ್ದಾರೆ, ಕೆಲವರು ತಿರುಚಿದ್ದಾರೆ ಅಂತ. ಹದಿಮೂರನೇ ಶತಮಾನದ ಮಾತು ಇದು. ವೇದಕ್ಕೆ ಮೂರು ಅರ್ಥ, ಭಾರತಕ್ಕೆ ಹತ್ತು ಅರ್ಥ ಅನ್ನುವುದೂ ಅವರ ಸಂಪ್ರದಾಯದ್ದೇ. ಹಾಗಂತ ಆಚಾರ್ಯರು ನಮ್ಮ ಪಕ್ಷ ಅಂತ ಬೀಗಬೇಡಿ. ನರಕ ಇದೆ, ಕೆಲವರಿಗೆ ಅಲ್ಲಿಂದ ಬಿಡುಗಡೆಯೇ ಇಲ್ಲ ಅಂದವರೂ ಅವರೇ. ಪುಸ್ತಕದಲ್ಲಿ ಬರೆದಿದೆ ಅಂದ ತಕ್ಷಣ ಬಾಯಿ ಮುಚ್ಚಬೇಕಿಲ್ಲ ಅನ್ನುವಷ್ಟಕ್ಕೆ ಅವರ ಸಾಕ್ಷಿ ಸಾಕು.

ಎರಂಡವಣೆ, ಪುಣೆಯಿಂದ

ಹಿರಿಯರು ಹೇಳಿದ "ಸೇರಿಸಿದ್ದಾರೆ, ಬಿಟ್ಟಿದ್ದಾರೆ" ಅನ್ನುವುದನ್ನು ಕಣ್ಣಾರೆ ನೋಡಬೇಕಾದರೆ ನಮ್ಮ ಲಾ ಕಾಲೇಜ್ ರಸ್ತೆಗೆ ಬನ್ನಿ. ಭಾಂಡಾರ್ಕರ್ ಸಂಸ್ಥೆಯವರು 1919ರಲ್ಲಿ ಶುರು ಮಾಡಿ 1966ರಲ್ಲಿ ಮುಗಿಸಿದ ಮಹಾಭಾರತ ಇದೆ. 1,259 ಹಸ್ತಪ್ರತಿಗಳನ್ನು ಹೋಲಿಸಿ ನೋಡಿದ್ದಾರೆ. ಪುಟದ ಮೇಲ್ಭಾಗದಲ್ಲಿ ಶ್ಲೋಕ, ಕೆಳಗೆ ಇರುವೆ ಸಾಲಿನಂತೆ ಸಣ್ಣ ಅಕ್ಷರ. ಯಾವ ಪ್ರತಿಯಲ್ಲಿ ಯಾವ ಪದ ಬೇರೆ ಇದೆ ಅನ್ನುವ ಲೆಕ್ಕ. ಕೆಲವು ಪುಟಗಳಲ್ಲಿ ಶ್ಲೋಕಕ್ಕಿಂತ ಇರುವೆಗಳೇ ಜಾಸ್ತಿ.

ವ್ಯಾಸರು ಹೇಳಿ ಗಣಪತಿ ಬರೆದ ಕಥೆ ಮೂಲ ಪಾಠದಲ್ಲಿ ಇಲ್ಲ, ಅನುಬಂಧಕ್ಕೆ ಹೋಗಿದೆ. ದ್ರೌಪದಿ ಸೀರೆ ಎಳೆಯುವಾಗ ಕೃಷ್ಣನನ್ನು ಕೂಗಿ ಪ್ರಾರ್ಥಿಸುವ ಭಾಗವೂ ಹಾಗೇ. ಇದು ಗೊತ್ತಾದಾಗ ನನಗೆ ಖುಷಿ ಆಗಲಿಲ್ಲ, ಬೇಜಾರಾಯಿತು. ಅವ್ವ ಹೇಳುತ್ತಿದ್ದ ಕಥೆಗಳಲ್ಲಿ ನನಗೆ ಜಾಸ್ತಿ ಇಷ್ಟವಾದದ್ದು ಗಣಪತಿ ದಂತ ಮುರಿದುಕೊಂಡಿದ್ದೇ. ಪ್ರಶ್ನೆ ಕೇಳುವುದು ಅಂದರೆ ಬೇಡವಾದದ್ದನ್ನು ಮಾತ್ರ ಕಳೆದುಕೊಳ್ಳುವುದಲ್ಲ, ಬೇಕಾದದ್ದೂ ಹೋಗುತ್ತದೆ. ನಿಮ್ಮ ಮಗಳಿಗೆ ಇದನ್ನೂ ಹೇಳಿ. ನನ್ನ ಮಗನಿಗೆ ಹೇಳಿದೆ. ಅವನು, "ಸರಿ, ಆದರೆ ಮೋದಕ ಇರತ್ತೆ ತಾನೆ?" ಅಂದ.

ಸಾಂತಾಕ್ರೂಜ್‌ನಿಂದ

ಪುಸ್ತಕ ಗಿಸ್ತಕ ಗೊತ್ತಿಲ್ಲ. ಮುಂಬೈಯ ಬಾಣಗಂಗಾ ಕೆರೆಯ ಹತ್ತಿರ ಅಪ್ಪನ ಹತ್ತನೇ ದಿನ ಕಾಗೆ ಪಿಂಡ ಮುಟ್ಟಲಿಲ್ಲ. ಮುಕ್ಕಾಲು ಗಂಟೆ ಕಾದೆವು. ಅಣ್ಣ ಕೈಮುಗಿದು, "ಅಮ್ಮನನ್ನು ನಾನೇ ನೋಡಿಕೊಳ್ಳುತ್ತೇನೆ" ಅಂದ. ಆಗಲೂ ಬರಲಿಲ್ಲ. ಕೊನೆಗೆ ಪುರೋಹಿತರು ದರ್ಭೆಯಲ್ಲೇ ಒಂದು ಕಾಗೆ ಮಾಡಿ ಮುಟ್ಟಿಸಿದರು. ಕಾಗೆ ಬರದಿದ್ದರೆ ಏನು ಮಾಡಬೇಕು ಅನ್ನುವುದಕ್ಕೂ ಶಾಸ್ತ್ರದಲ್ಲಿ ದಾರಿ ಇದೆ ಅಂದಮೇಲೆ, ಆ ಶಾಸ್ತ್ರ ಮಾಡಿದವರಿಗೆ ಕಾಗೆಯ ಸ್ವಭಾವ ಚೆನ್ನಾಗಿ ಗೊತ್ತಿತ್ತು ಅಂತ ಅವತ್ತೇ ಅನಿಸಿತು. ಅಣ್ಣ ಈಗ ನಿಜಕ್ಕೂ ಅಮ್ಮನನ್ನು ನೋಡಿಕೊಳ್ಳುತ್ತಿದ್ದಾನೆ. ಎಲ್ಲರ ಎದುರು ಹೇಳಿದ್ದಾನಲ್ಲ.

ವಾಸ್ಕೋ, ಗೋವಾದಿಂದ

ಎಲ್ಲರೂ ಹಗುರವಾಗಿ ಮಾತಾಡುತ್ತಿದ್ದೀರಿ. ಆ ಮಗು ಹೆದರಿದೆ. ನಾನು ಹೆದರಿ ಬೆಳೆದವನು, ಅದಕ್ಕೇ ಹೇಳುತ್ತಿದ್ದೇನೆ. ನಮ್ಮೂರು ಬಾಗಲಕೋಟೆ ಕಡೆ. ಅಲ್ಲಿ ಹಿಟ್ಟಿನ ಗಿರಣಿಯಲ್ಲಿ ಯಮಲೋಕದ ಪಟ ಇತ್ತು. ಎಣ್ಣೆ ಕೊಪ್ಪರಿಗೆಯಲ್ಲಿ ಒಬ್ಬ, ಗರಗಸದ ಕೆಳಗೆ ಒಬ್ಬ, ನಾಲಿಗೆ ಎಳೆಸಿಕೊಳ್ಳುವವ ಒಬ್ಬ. ಪಟದ ಮೇಲೆ ಹಿಟ್ಟಿನ ಧೂಳು ಕೂತು ಎಲ್ಲರ ಮುಖ ಬೆಳ್ಳಗಾಗಿತ್ತು. ಜೋಳ ಬೀಸಿಸಲು ನನ್ನನ್ನೇ ಕಳಿಸುತ್ತಿದ್ದರು. ಸುಳ್ಳು ಹೇಳಿದ ದಿನ ಗಿರಣಿ ಒಳಗೆ ಹೋಗುತ್ತಿರಲಿಲ್ಲ, ಚೀಲ ಬಾಗಿಲಲ್ಲೇ ಇಟ್ಟು ಓಡುತ್ತಿದ್ದೆ. ಹನ್ನೆರಡು ವರ್ಷದವರೆಗೆ ಹಾಸಿಗೆ ಒದ್ದೆ ಮಾಡುತ್ತಿದ್ದೆ. ಅದರಿಂದ ನಾನು ಒಳ್ಳೆಯವನೇನೂ ಆಗಲಿಲ್ಲ.

ಇಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಆಂಟಿ ಇದ್ದರು, ಕ್ಯಾಥೊಲಿಕ್. ಅವರ ಮೊದಲ ಮಗು ಹುಟ್ಟಿದ ದಿನವೇ ಹೋಯಿತು, ಬ್ಯಾಪ್ಟಿಸಂ, ಅಂದರೆ ನೀರು ಹಾಕಿ ಕೊಡುವ ಕ್ರೈಸ್ತ ದೀಕ್ಷೆ, ಆಗಿರಲಿಲ್ಲ. ಅಂಥ ಮಗು ಸ್ವರ್ಗಕ್ಕೂ ಹೋಗದೆ ನರಕಕ್ಕೂ ಹೋಗದೆ ಲಿಂಬೋ ಅನ್ನುವ ಕಡೆ ಉಳಿಯುತ್ತದೆ ಅಂತ ಹಿರಿಯರು ಹೇಳಿದ್ದರಂತೆ. ನಲವತ್ತು ವರ್ಷ ಅದನ್ನೇ ಹೊತ್ತುಕೊಂಡಿದ್ದರು. 2007ರಲ್ಲಿ ವ್ಯಾಟಿಕನ್‌ನ ಒಂದು ಆಯೋಗ, ಇಂಥ ಮಕ್ಕಳಿಗೂ ಮೋಕ್ಷ ಸಿಗುತ್ತದೆ ಅಂತ ಆಶಿಸಲು ಕಾರಣ ಇದೆ ಅಂತ ಬರೆಯಿತು. ಲಿಂಬೋ ಕಡ್ಡಾಯವಾಗಿ ನಂಬಬೇಕಾದ ತತ್ವವಾಗಿ ಯಾವತ್ತೂ ಇರಲೇ ಇಲ್ಲ. ಮಗ ಪೇಪರ್ ಓದಿ ಹೇಳಿದಾಗ ಆಂಟಿ ಮೊದಲು ಅತ್ತರು. ಆಮೇಲೆ ಸಿಟ್ಟಾದರು. "ಇಷ್ಟು ದಿನ ಯಾಕೆ ಹೇಳಲಿಲ್ಲ?" ಅಂತ.

ಅಕ್ಕಾ, ನಿಮ್ಮ ಮಗಳು ಮುಂದೆ ಇದನ್ನೇ ಕೇಳಬಾರದು. ತತ್ವ, ಹತ್ತು ಅರ್ಥ ಎಲ್ಲ ಆಮೇಲೆ ಇರಲಿ. ಇವತ್ತು ರಾತ್ರಿ ಪಕ್ಕದಲ್ಲಿ ಮಲಗಿ, ಅಜ್ಜ ಎಲ್ಲೂ ಮುಳುಗುತ್ತಿಲ್ಲ ಅಂತ ಹೇಳಿ.

ಮತ್ತೆ ಕೇಳಿದವರು: ಕೋಥರೂಡ್

ವಾಸ್ಕೋದ ಅಣ್ಣ ಹೇಳಿದ ಹಾಗೇ ಅವತ್ತು ರಾತ್ರಿಯೇ ಹೇಳಿದೆ. "ಅಜ್ಜ ಮುಳುಗುತ್ತಿಲ್ಲ. ಅಂಥ ನದಿ ಎಲ್ಲೂ ಇಲ್ಲ ಅಂತ ನಾನು ತಿಳಿದಿದ್ದೇನೆ. ಅಜ್ಜಿ ಇದೆ ಅಂತ ತಿಳಿದಿದ್ದಾರೆ." ಅವಳು, "ಅಜ್ಜ ಏನು ತಿಳಿದಿದ್ದರು?" ಅಂದಳು. ಅಪ್ಪನನ್ನು ನಾನು ಯಾವತ್ತೂ ಕೇಳಿರಲಿಲ್ಲ. ಹಾಗೇ ಹೇಳಿದೆ.

ಕತ್ತೆ, ನಾಯಿ, ಕಪ್ಪೆಯ ಭಾಗ ಹುಡುಕಿ ಭಾನುವಾರ ಇಬ್ಬರೂ ಓದಿದೆವು. ಕಪ್ಪೆ ಪದ್ಮಾಸನ ಹಾಕಿದ ಚಿತ್ರ ಬರೆದು ಫ್ರಿಜ್ ಮೇಲೆ ಅಂಟಿಸಿದ್ದಾಳೆ. ಅಮ್ಮ ಅದು ಶಾಲೆಯ ಪ್ರಾಜೆಕ್ಟ್ ಅಂದುಕೊಂಡಿದ್ದಾರೆ. ಸದ್ಯಕ್ಕೆ ಹಾಗೇ ಬಿಟ್ಟಿದ್ದೇನೆ.

1,100ರ ವಿಷಯ ಮಾತ್ರ ಅವಳು ಬಿಡಲಿಲ್ಲ. ವರ್ಷಾಂತಿಕದ ಮಾತಿಗೆ ಆಚಾರ್ಯರಿಗೆ ಫೋನ್ ಮಾಡಿದಾಗ ಸ್ಪೀಕರ್ ಹಾಕಿಸಿ ತಾನೇ ಕೇಳಿಬಿಟ್ಟಳು. ನನಗೆ ನೆಲ ಬಿರಿಯಬಾರದೇ ಅನಿಸಿತು. ಅವರು ಒಂದು ಗಳಿಗೆ ಸುಮ್ಮನಿದ್ದು ನಕ್ಕರು. "ಇಲ್ಲಮ್ಮ, ಅಷ್ಟಕ್ಕೆ ಹಸು ಬರಲ್ಲ. ನಾನಿರೋದು ಮೂರನೇ ಮಹಡಿಯ ಬಾಡಿಗೆ ಮನೆ, ಬಂದರೂ ಕಟ್ಟೋದೆಲ್ಲಿ? ಆ ತಿಂಗಳ ಗ್ಯಾಸ್ ಸಿಲಿಂಡರ್ ತಂದೆ. ಉಳಿದದ್ದು ಹಾಲಿನವನಿಗೆ ಕೊಟ್ಟೆ."

"ಹಾಗಾದರೆ ಹಸುವಿಗೇ ಹೋಯಿತು," ಅಂದು ಅವಳು ಆಟಕ್ಕೆ ಓಡಿದಳು.