ಚರ್ಚ್ ಕೆಲಸಕ್ಕೆ ಯಾವಾಗ್ಲೂ ಅದೇ ಏಳು ಜನ, ನಿಮ್ ಕಡೆ ಹೆಂಗ್ ಮಾಡಿದ್ರಿ ಹೇಳ್ರಿ

ದಾವಣಗೆರೆ ಸೆಕ್ರೆಟರಿ:

ಎಲ್ರಿಗೂ ವಂದನೆ. ನಮ್ದು ದಾವಣಗೆರೆಯಲ್ಲಿ 120 ಮನೆ ಇರೋ ಸಭೆ. ಭಾನುವಾರ ಆರಾಧನೆಗೆ ಜನಕ್ಕೇನ್ ಕೊರತೆ ಇಲ್ಲ, ಆದ್ರೆ ಕುರ್ಚಿ ಹಾಕೋದು ತೆಗೆಯೋದು, ಸಂಡೇಸ್ಕೂಲು, ಆಸ್ಪತ್ರೆ ಭೇಟಿ, ಕ್ರಿಸ್ಮಸ್ ಪ್ರೀತಿಭೋಜನ, ಯಾವ್ದೇ ಇರ್ಲಿ ಅದೇ ಏಳು ಜನ, ಅದ್ರಲ್ಲಿ ಇಬ್ರಿಗೆ 65 ದಾಟಿದೆ. ಹೋದ್ ಕ್ರಿಸ್ಮಸ್ ರಾತ್ರಿ ಹನ್ನೊಂದಕ್ಕೆ ನಾನು ನಮ್ಮನೆಯವ್ಳು ಇಬ್ರೇ ಕೂತು ಪಲಾವ್ ಹಂಡೆ ತಿಕ್ತಾ ಇದ್ವಿ, ಅವ್ಳು ತಲೆ ಎತ್ತದೇ "ಮುಂದಿನ ವರ್ಷ ಹೋಟ್ಲಿಂದ ತರ್ಸಿಬಿಡ್ರಿ" ಅಂದ್ಲು. ಪ್ರತಿ ವಾರ ಅನೌನ್ಸ್ ಮಾಡ್ತೀನಿ, ವಾಟ್ಸಾಪಲ್ಲಿ ಹಾಕ್ತೀನಿ, ಕೈಮುಗಿಯೋ ಎಮೋಜಿ 40 ಬರ್ತಾವೆ, ಮನುಷ್ಯ ಒಬ್ನೂ ಬರಲ್ಲ. ನಮ್ಮ ಪಾಸ್ಟರ್ ಅಯ್ಯನವ್ರು ಇದ್ರ ಮೇಲೇ ಎರಡು ಸಲ ಪ್ರಸಂಗ ಮಾಡಿದ್ರು, ಎಲ್ರೂ ಚೆನ್ನಾಗಿತ್ತು ಅಂತ ಕೈಕುಲುಕಿ ಮನೆಗೆ ಹೋದ್ರು. ಬರೀ ಬೈಬಲ್ ವಚನ ಹೇಳ್ಬೇಡ್ರಪ್ಪ, ನಿಮ್ ಕಡೆ ಏನ್ ವರ್ಕ್ ಆಯ್ತು, ಏನ್ ಕೆಡ್ತು, ಅದನ್ನ ಹೇಳ್ರಿ.

ದುರ್ಗದ ಅಕ್ಕ:

ತಮ್ಮಾ, ಮೊದ್ಲು ಆ ಅನೌನ್ಸ್ ಮಾಡೋದ್ ನಿಲ್ಸು. "ಯಾರಾದ್ರೂ ಬನ್ನಿ" ಅಂದ್ರೆ ಆ ಯಾರಾದ್ರೂ ಅನ್ನೋರು ಪಕ್ಕದ ಬೆಂಚಲ್ಲಿ ಕೂತವ್ರೆ ಅಂತ್ಲೇ ಎಲ್ರೂ ಅಂದ್ಕೊಳ್ಳೋದು. ನಾನು ಚಿತ್ರದುರ್ಗದಲ್ಲಿ ಇಪ್ಪತ್ತು ವರ್ಷದಿಂದ ಚರ್ಚ್ ಅಡಿಗೆ ನೋಡ್ಕೋತಿದೀನಿ, ನಂಗೂ ಇದು ಅರ್ಥ ಆಗೋಕೆ ಹದಿನೈದು ವರ್ಷ ಬೇಕಾಯ್ತು. ಒಂದು ಸಲ ಸೊಂಟ ಹಿಡ್ಕೊಂಡು ಏಳೋಕೇ ಆಗ್ಲಿಲ್ಲ, ಬೇರೆ ದಾರಿ ಇರ್ಲಿಲ್ಲ, ಹಿಂದಿನ ಬೆಂಚಲ್ಲಿ ಒಂಬತ್ತು ವರ್ಷದಿಂದ ಸುಮ್ನೆ ಬಂದು ಸುಮ್ನೆ ಹೋಗೋ ಒಬ್ಳು ಹೆಣ್ಮಗಳ ಮನೆಗೇ ಹೋದೆ. "ಶನಿವಾರ ನಾಲ್ಕರಿಂದ ಐದೂವರೆ, ಈರುಳ್ಳಿ ಹೆಚ್ಚಬೇಕು, ಈಳಿಗೆ ನಾನೇ ತರ್ತೀನಿ, ಐದೂವರೆಗೆ ಬಿಟ್ಬಿಡ್ತೀನಿ" ಅಷ್ಟೇ ಕೇಳಿದ್ದು. ಅವ್ಳು ನನ್ನ ಮುಖ ನೋಡಿ, "ಅಕ್ಕಾ ನಂಗೆ ಓದಾಕ್ ಬರಲ್ಲ" ಅಂದ್ಲು. ಈರುಳ್ಳಿಗೂ ಓದಿಗೂ ಏನೇ ಸಂಬಂಧ ಅಂದೆ. ಆಮೇಲೆ ಗೊತ್ತಾಯ್ತು, ಸೇವೆ ಅಂದ್ರೆ ಮುಂದೆ ನಿಂತು ಬೈಬಲ್ ಪಾಠ ಓದೋದು, ಮೈಕ್ ಹಿಡ್ದು ಹಾಡೋದು, ಅದು ಬರ್ದೇ ಇದ್ದೋರಿಗಲ್ಲ ಅಂತ ಅಷ್ಟು ವರ್ಷ ನಂಬ್ಕೊಂಡಿದ್ಲು.

ಬಂದ್ಲು. ಗಾರೆ ಕೆಲಸದೋರಿಗೆ ಸೈಟಲ್ಲಿ ಅಡಿಗೆ ಮಾಡಿ ಹಾಕ್ತಿದ್ದೋಳು ಅವ್ಳು, ಅದು ನಮ್ಗೆ ಯಾರಿಗೂ ಗೊತ್ತೇ ಇರ್ಲಿಲ್ಲ. 150 ಜನಕ್ಕೆ 20 ಕೆಜಿ ಅಕ್ಕಿ ತೆಗೆದಿಟ್ಟಿದ್ದೆ, ಮೂಟೆ ನೋಡಿ "ಇದು ಜಾಸ್ತಿ ಅಕ್ಕಾ, ಮಕ್ಳೇ ಅರ್ಧ ಅದಾವೆ, 15 ಸಾಕು" ಅಂದ್ಲು, ನಾನು ನಂಬ್ಲಿಲ್ಲ, ಕೊನೆಗೆ ನಾಲ್ಕೈದು ಕೆಜಿ ಅಕ್ಕಿಯಷ್ಟು ಅನ್ನ ಮಿಕ್ಕಿ ಅವತ್ತು ಸಂಜೆ ಮನೆಮನೆಗೆ ಹಂಚ್ಕೊಂಡ್ ತಿರುಗಿದ್ವಿ. ಈಗ ಅಡಿಗೆ ಮನೆಗೆ ಅವ್ಳೇ ಯಜಮಾನಿ, ಉಪ್ಪು ನೋಡೋಕೂ ನನ್ನ ಕರೆಯಲ್ಲ, ಒಂಚೂರು ಬೇಜಾರೂ ಆಗುತ್ತೆ ಸುಳ್ಳು ಯಾಕ್ ಹೇಳ್ಲಿ.

ಇನ್ನೊಂದು, ನಮ್ ದುರ್ಗದ ಕಡೆ ಮಠದ ದಾಸೋಹ ನೋಡಿರ್ತೀಯ, ಸಿರಿಗೆರೆ ಮಠದ ತರಳಬಾಳು ಹುಣ್ಣಿಮೆ ಒಂಬತ್ತು ದಿನ ನಡೆಯುತ್ತೆ. ಬಡಿಸೋಕೆ ನಿಂತ ಹುಡುಗ್ರನ್ನ ಕೇಳು, ಮೈಕಲ್ಲಿ ಕೇಳಿ ಬಂದೋರು ಸಿಗಲ್ಲ, "ನಮ್ಮ ಮಾವ ಎಳ್ಕೊಂಡ್ ಬಂದ" ಅನ್ನೋರೇ ಜಾಸ್ತಿ.

ಹೆಸರು ಬೇಡ:

ಖಾರ ಅನ್ಸಿದ್ರೆ ಕ್ಷಮಿಸಿ ಬ್ರದರ್. ನಾನು ಸೇವೆ ಮಾಡ್ತಿದ್ದೆ, ಬಿಟ್ಟೆ. ಒಂದು ಕ್ರಿಸ್ಮಸ್ಸಿಗೆ ಗೋದಲಿ, ಅಂದ್ರೆ ಯೇಸು ಹುಟ್ಟಿದ ಕೊಟ್ಟಿಗೆ ಮಾದರಿ, ಕಟ್ಟೋಕೆ ಯಾರೂ ಇಲ್ಲ ಅಂದ್ರು, ನಾನು ನಮ್ಮ ಯಜಮಾನ್ರು ಹುಲ್ಲು, ಗೋಣಿಚೀಲ, ಮನೆ ಸೀರಿಯಲ್ ಲೈಟು ಎಲ್ಲಾ ಹೊತ್ಕೊಂಡ್ ಹೋಗಿ ರಾತ್ರಿ ಒಂದು ಗಂಟೆವರೆಗೂ ಕಟ್ಟಿದ್ವಿ, ನನ್ನ ಆರು ವರ್ಷದ ಮಗಳು ಮಣ್ಣಲ್ಲಿ ಎರಡು ಕುರಿ ಮಾಡಿದ್ಲು. ಬೆಳಿಗ್ಗೆ ಬಂದು ನೋಡಿದ್ರೆ ಗೋದಲಿ ಎಡಗಡೆಯಿಂದ ಬಲಗಡೆಗೆ ಹೋಗಿದೆ, ಲೈಟ್ ಬದ್ಲಾಗಿದೆ, ಮಗಳ ಕುರಿ ಕಿಟಕಿ ಹಿಂದೆ ಬಿದ್ದಿದ್ವು. "ಯಾವಾಗ್ಲೂ ಬಲಗಡೆನೇ ಇಡೋದು" ಅಂದ್ರು ಒಬ್ರು ಹಿರಿಯರು, ಪಾಪ ಕೆಟ್ಟೋರಲ್ಲ, ಮೂವತ್ತು ವರ್ಷದಿಂದ ಅವ್ರೇ ಮಾಡ್ತಿದ್ದದ್ದು. ಮಗಳು ಆ ಕುರಿ ವಾಪಸ್ ಮನೆಗೆ ತಂದ್ಲು, ಇನ್ನೂ ಷೋಕೇಸಲ್ಲಿ ಇದಾವೆ. ಆಮೇಲೆ ಯಾರ್ ಕರೆದ್ರೂ "ಕೆಲ್ಸ ಇದೆ" ಅಂತೀನಿ. ನಿಮ್ಮ ಉಳಿದ ಮನೆಗಳಲ್ಲಿ ನನ್ನಂಥೋರು ಎಷ್ಟಿದಾರೆ ಲೆಕ್ಕ ಹಾಕಿ. ಏಳು ಜನ ಮಾತ್ರ ಉಳಿದ್ರು ಅಂದ್ರೆ ಆ ಏಳು ಜನ ಏನ್ ಮಾಡ್ತಿದಾರೆ ಅಂತನೂ ಕೇಳ್ಬೇಕಲ್ವಾ.

ದಾವಣಗೆರೆ ಸೆಕ್ರೆಟರಿ:

ಸಿಸ್ಟರ್, ಇದನ್ನ ಎರಡು ಸಲ ಓದ್ದೆ. ನಮ್ಮ ಚರ್ಚ್ ಸ್ಟೋರ್ ರೂಮಿಗೆ ಒಂದೇ ಬೀಗದ ಕೈ, ಅದು ನನ್ನ ಬೈಕ್ ಕೀ ಜೊತೆ ನೇತಾಡ್ತಾ ಇರುತ್ತೆ. ಹೋದ ತಿಂಗಳು ಒಬ್ಬ ಹುಡುಗ ಕುರ್ಚಿ ಹಾಕಿದ್ದ, ಸಾಲು ಸೊಟ್ಟ ಇತ್ತು ಅಂತ ಅವನ ಹಿಂದೆಹಿಂದೆನೇ ಹೋಗಿ ಸರಿ ಮಾಡಿದ್ದೆ. ಅವ್ನು ಮತ್ತೆ ಬರ್ಲಿಲ್ಲ.

ಹರಿಹರದಿಂದ:

ನಾವು ಕ್ಯಾಥೊಲಿಕ್ಕು, ಶಿವಮೊಗ್ಗ ಧರ್ಮಕ್ಷೇತ್ರ. ಸೆಪ್ಟೆಂಬರ್ 8ಕ್ಕೆ ನಮ್ಮ ಹರಿಹರದ ಆರೋಗ್ಯ ಮಾತೆ ಹಬ್ಬಕ್ಕೆ ಹೊರಗಿಂದ ಎಷ್ಟು ಜನ ಬರ್ತಾರೆ ನಿಮ್ಗೇ ಗೊತ್ತು, ಆವತ್ತು ವಾಲಂಟಿಯರ್ ಸಿಗೋದು ಕಷ್ಟ ಅಲ್ಲ, ಬ್ಯಾಡ್ಜ್ ಕೊಟ್ರೆ ಯಾರ್ ಬೇಕಾದ್ರೂ ಬರ್ತಾರೆ. ಕಷ್ಟ ಇರೋದು ಅಕ್ಟೋಬರಲ್ಲಿ, ಹಾಸಿಗೆ ಹಿಡಿದ ಅಜ್ಜನ ಮನೆಗೆ ಹೋಗೋಕೆ. ಅದಕ್ಕೆ ನಮ್ಗೆ ಉಪಯೋಗ ಆಗಿರೋದು ಬಡವ್ರ ಮನೆಗೆ ಹೋಗಿ ನೆರವಾಗೋ ವಿನ್ಸೆಂಟ್ ಡಿ ಪಾಲ್ ಸಂಘದ ಹಳೇ ರೂಢಿ: ಒಬ್ರೇ ಹೋಗಂಗಿಲ್ಲ, ಇಬ್ಬಿಬ್ರು. 1833ರಲ್ಲಿ ಪ್ಯಾರಿಸಲ್ಲಿ ಅದನ್ನ ಶುರು ಮಾಡಿದ ಫ್ರೆಡ್ರಿಕ್ ಓಝಾನಾಮ್‌ಗೆ ಆಗ 20 ವರ್ಷ, ಕಾಲೇಜ್ ಹುಡುಗ, ಜೊತೆಗಿದ್ದೋರೂ ಬೆರಳೆಣಿಕೆ ಜನ. ನಾವು ಒಬ್ರು ಹಳಬರು ಒಬ್ರು ಹೊಸಬರು ಅಂತ ಜೋಡಿ ಮಾಡ್ತೀವಿ. ಹೊಸಬ್ರಿಗೆ ಮೊದಲ ಭೇಟೀಲಿ ಏನ್ ಮಾತಾಡ್ಬೇಕು ಅಂತ ಭಯ ಇರುತ್ತೆ, ಸೋಮಾರಿತನ ಅಲ್ಲ ಅದು, ಬರೀ ಭಯ. ಹಳಬ್ರು ಮಾತಾಡೋದನ್ನ ಮೂರು ಸಲ ನೋಡಿದ್ರೆ ನಾಲ್ಕನೇ ಸಲ ಅವ್ರೇ ಅಜ್ಜನ ಮಂಚದ ಮೇಲೆ ಕೂರ್ತಾರೆ.

ರಿಟೈರ್ಡ್ ಮೇಷ್ಟ್ರು, ದಾವಣಗೆರೆ:

ವಚನ ಬೇಡ ಅಂದ್ರಿ, ಆದ್ರೂ ಒಂದು ಹೇಳ್ತೀನಿ, ಇದು ಪ್ರಸಂಗ ಅಲ್ಲ ಡ್ಯೂಟಿ ಚಾರ್ಟು. ಬೈಬಲ್ಲಿನ ನೆಹೆಮೀಯ ಪುಸ್ತಕದ 3ನೇ ಅಧ್ಯಾಯ ಓದಿ, ಬರೀ ಹೆಸರುಗಳೇ ಅಂತ ಎಲ್ರೂ ಹಾರಿಸೋ ಅಧ್ಯಾಯ. ಯೆರೂಸಲೇಮಿನ ಗೋಡೆ ಕಟ್ಟೋವಾಗ ಎಷ್ಟೋ ಜನ ತಮ್ಮ ತಮ್ಮ ಮನೆ ಎದುರಿನ ಭಾಗನೇ ಕಟ್ಟಿದ್ದು. ಒಬ್ಬ ತನ್ನ ಹೆಣ್ಣುಮಕ್ಕಳ ಜೊತೆ ಸೇರಿ ಕಟ್ಟಿದ ಅಂತಿದೆ, ತೆಕೋವ ಅನ್ನೋ ಊರಿನ ದೊಡ್ಡ ಮನುಷ್ಯರು ಹೆಗಲು ಕೊಡ್ಲಿಲ್ಲ ಅಂತನೂ ಬರೆದಿಟ್ಟಿದಾರೆ, ಅಂದ್ರೆ ನಿಮ್ಮ ಸಮಸ್ಯೆ ಹೊಸದಲ್ಲ ಸೆಕ್ರೆಟರಿಗಳೇ.

ಅದನ್ನ ನೋಡಿ ನಮ್ಮಲ್ಲಿ ಏರಿಯಾ ಪ್ರಕಾರ ಹಂಚಿದ್ವಿ, ನಿಟುವಳ್ಳಿ ಕಡೆ ಮನೆಗಳು ಒಂದು ತಿಂಗಳು, ಕೆಟಿಜೆ ನಗರ ಒಂದು ತಿಂಗಳು, ವಿನೋಬನಗರ ಒಂದು ತಿಂಗಳು. ಎರಡು ತಿಂಗಳು ಭರ್ಜರಿ, ಮೂರನೇ ತಿಂಗಳು ಮಕಾಡೆ ಮಲಗ್ತು. ಯಾಕೆ ಅಂದ್ರೆ ಆ ಗುಂಪಲ್ಲಿ ಅರ್ಧ ಜನ ಶಿಫ್ಟ್ ಡ್ಯೂಟಿಯೋರು, ಭಾನುವಾರ ಬೆಳಿಗ್ಗೆ ಏಳಕ್ಕೆ ಬನ್ನಿ ಅಂದ್ರೆ ಎಲ್ಲಿಂದ ಬರ್ತಾರೆ. ಅವ್ರಲ್ಲೊಬ್ರು ಬಸ್ ಕಂಡಕ್ಟರು, ಎರಡು ವಾರಕ್ಕೊಂದ್ಸಲ ಆರಾಧನೆಗೆ ಬಂದ್ರೆ ಹೆಚ್ಚು, ನಾವೆಲ್ಲ ಅವ್ರಿಗೆ ಭಕ್ತಿ ಕಮ್ಮಿ ಅಂತ ತೀರ್ಮಾನ ಮಾಡಿದ್ವಿ. ಕೊನೆಗೆ ಬಂದ ಭಾನುವಾರ ಕಾಣಿಕೆ ಎಣಿಸೋಕೆ ಕೂರಿಸಿದ್ವಿ. ಅಬ್ಬಾ, ಚಿಲ್ಲರೆ ಅವ್ರ ಬೆರಳಲ್ಲಿ ಹರಿದಂಗೆ ಹೋಗುತ್ತೆ, ಮುಕ್ಕಾಲು ಗಂಟೆ ಹಿಡಿತಿದ್ದ ಕೆಲಸ ಹತ್ತು ನಿಮಿಷ. ಎಣಿಸೋಕೆ ಯಾವಾಗ್ಲೂ ಇಬ್ರು ಕೂತು ಇಬ್ರೂ ಸಹಿ ಹಾಕ್ಬೇಕು, ಅದನ್ನ ಮಾತ್ರ ಬಿಡ್ಬೇಡಿ, ಎಷ್ಟೇ ನಂಬಿಕಸ್ಥರಾದ್ರೂ. ಅವ್ರ ಮರ್ಯಾದೆಗೂ ಅದೇ ಒಳ್ಳೇದು.

ಬೈಬಲ್ಲಲ್ಲೇ ಅಪೊಸ್ತಲರ ಕೃತ್ಯಗಳು 6ನೇ ಅಧ್ಯಾಯದಲ್ಲೂ ಅಷ್ಟೇ ಅಲ್ವಾ, ಗ್ರೀಕ್ ಮಾತಾಡೋ ವಿಧವೆಯರಿಗೆ ದಿನದ ಊಟದಲ್ಲಿ ಅನ್ಯಾಯ ಆಗ್ತಿದೆ ಅಂತ ಗೊಣಗಾಟ ಬಂತು, ಅದಕ್ಕೆ ಆರಿಸಿದ ಏಳು ಜನರ ಹೆಸರು ನೋಡಿ, ಎಲ್ಲಾ ಗ್ರೀಕ್ ಹೆಸರೇ. ಗೊಣಗಿದೋರ ಕಡೆಯೋರ ಕೈಗೇ ಸೌಟು ಕೊಟ್ರು.

ಸ್ಟಾಫ್ ನರ್ಸ್, ದುರ್ಗ:

ಶುಭ ಶುಕ್ರವಾರಕ್ಕೆ ನಾವು ರಕ್ತದಾನ ಕ್ಯಾಂಪ್ ಇಡ್ತೀವಿ. ಯುವಕರು ಸೇರೋಕೆ ಇದಕ್ಕಿಂತ ಸುಲಭದ ಕೆಲಸ ನಂಗೆ ಗೊತ್ತಿಲ್ಲ, ಆದ್ರೆ ಮೊದಲ ವರ್ಷ ತಪ್ಪು ಮಾಡಿದ್ವಿ. ಹಿಮೋಗ್ಲೋಬಿನ್ 12.5 ಇರ್ಬೇಕು, ತೂಕ ಕನಿಷ್ಠ 45 ಕೆಜಿ, ನಮ್ಮ ಹೆಣ್ಮಕ್ಳಲ್ಲಿ ಬಹಳ ಜನ ಆಸೆಯಿಂದ ಬಂದು ಸೂಜಿ ಚುಚ್ಚಿಸ್ಕೊಂಡು "ನಿಮ್ಗೆ ಆಗಲ್ಲಮ್ಮ" ಅನ್ನಿಸ್ಕೊಂಡು ಮುಖ ಸಣ್ಣ ಮಾಡ್ಕೊಂಡ್ ಹೋದ್ರು. ಈಗ ಬಾಗಿಲಲ್ಲೇ ಇನ್ನೊಂದು ಟೇಬಲ್ ಹಾಕ್ತೀವಿ: ಹೆಸರು ಬರೆಯೋದು, ಕೊಟ್ಟೋರಿಗೆ ಜ್ಯೂಸು ಬಿಸ್ಕೆಟ್ಟು, ತಲೆ ಸುತ್ತಿದ್ರೆ ಪಕ್ಕ ಕೂರೋದು. ರಕ್ತ ಕೊಡೋಕೆ ಆಗದೋರು ಅಲ್ಲಿ ನಿಲ್ತಾರೆ. ಗಂಡಸ್ರು ಮೂರು ತಿಂಗಳಿಗೊಮ್ಮೆ, ಹೆಂಗಸ್ರು ನಾಲ್ಕು ತಿಂಗಳಿಗೊಮ್ಮೆ ಕೊಡ್ಬೋದು, ಆ ಡೇಟ್ ನೆನಪು ಮಾಡೋ ಕೆಲಸ ಒಬ್ಬ ಪಿಯುಸಿ ಹುಡುಗನಿಗೆ ಕೊಟ್ಟಿದೀವಿ, ಬಿಡದೇ ಫೋನ್ ಮಾಡಿ ಪ್ರಾಣ ತಿಂತಾನೆ.

ವಿಬಿಎಸ್ (ರಜೆ ಬೈಬಲ್ ಶಾಲೆ) ಟೀಚರ್:

ಒಂದೇ ಮಾತು. ಮಕ್ಕಳ ಕೆಲಸಕ್ಕೆ ಮಾತ್ರ "ಸಿಕ್ಕಿದೋರು ಬರ್ಲಿ" ಅನ್ಬೇಡಿ. ಒಂದು ರೂಮಲ್ಲಿ ಯಾವಾಗ್ಲೂ ಇಬ್ರು ದೊಡ್ಡೋರು, ಬಾಗಿಲು ತೆರೆದಿರ್ಬೇಕು, ಹೊಸಬ್ರು ಸ್ವಲ್ಪ ತಿಂಗಳು ಹಳಬ್ರ ಜೊತೇನೇ. ಯಾರಿಗಾದ್ರೂ ಬೇಜಾರಾದ್ರೆ ಆಗ್ಲಿ. ಮಕ್ಕಳ ಮೇಲೆ ಲೈಂಗಿಕ ದೌರ್ಜನ್ಯ ಆಗಿದ್ದು ಗೊತ್ತಾದ್ರೆ ಪೋಲೀಸ್ರಿಗೆ ತಿಳಿಸೋದು 2012ರ ಪೋಕ್ಸೋ ಕಾಯ್ದೆ ಪ್ರಕಾರ ಕಡ್ಡಾಯ, ಕಮಿಟೀಲಿ ಕೂತು ಮುಚ್ಚಿಡೋ ವಿಷಯ ಅಲ್ಲ.

ಗಾರ್ಮೆಂಟ್ಸ್ ಅಣ್ಣ:

ನಂಗೆ ವಾರಕ್ಕೆ ಆರು ದಿನ ದುಡಿಮೆ, ಭಾನುವಾರ ಒಂದೇ ದಿನ ಹೆಂಡ್ತಿ ಮಕ್ಕಳ ಮುಖ ನೋಡೋದು. ಕರೀರಿ, ಬ್ಯಾಡ ಅನ್ನಲ್ಲ, ಆದ್ರೆ ಬರದೋರೆಲ್ಲ ಸೋಮಾರಿಗಳು ಅನ್ನಂಗೆ ಪ್ರಸಂಗ ಮಾಡಿದ್ರೆ ಆರಾಧನೆಗೂ ಬರೋಕೆ ಮನಸಾಗಲ್ಲ. ವರ್ಷಕ್ಕೆ ಎರಡು ದಿನ ಕೇಳಿ, ಹೆಂಡ್ತಿ ಮಕ್ಳನ್ನೂ ಕರ್ಕೊಂಡು ಬರ್ತೀನಿ, ಅವತ್ತು ಹಂಡೆನೂ ತಿಕ್ಕಿ ಕೊಡ್ತೀನಿ.

ದುರ್ಗದ ಅಕ್ಕ:

ನೋಡು ತಮ್ಮಾ, ಹಂಡೆಗೆ ಜನ ಸಿಕ್ತು.

ದಾವಣಗೆರೆ ಸೆಕ್ರೆಟರಿ:

ಎಲ್ರಿಗೂ ಥ್ಯಾಂಕ್ಸ್. ಈ ವಾರ ಅನೌನ್ಸ್ ಮಾಡ್ಲಿಲ್ಲ. ಸೋಮವಾರ ಆ ಕುರ್ಚಿ ಹುಡುಗನ ಮನೆಗೆ ಹೋದೆ, ಅವ್ನ ತಾಯಿ ಮಂಡಕ್ಕಿ ಚಹಾ ಕೊಟ್ರು, ಅವ್ನು ಮೊದ್ಲು ಹೊರಗೇ ಬರ್ಲಿಲ್ಲ. ತಪ್ಪಾಯ್ತಪ್ಪ ಅಂದೆ. ಮೂರು ತಿಂಗಳು ಮಾತ್ರ, ಆಮೇಲೆ ಬೇಡ ಅಂದ್ರೆ ಬಿಡು ಅಂತ ಕೇಳ್ದೆ, ಫ್ರೆಂಡ್ ಒಬ್ಬನ್ನ ಕರ್ಕೊಂಡು ಬರ್ಲಾ ಅಂದ. ಬರೋವಾಗ ರಸ್ತೆ ಬದಿ ಕೀ ಮಾಡೋನ ಹತ್ರ ಸ್ಟೋರ್ ರೂಮಿಗೆ ಇನ್ನೊಂದು ಕೀ ಮಾಡಿಸಿ ಅವ್ನಿಗೆ ಕೊಟ್ಟೆ.

ಇವತ್ತು ಶನಿವಾರ, ಸಂಜೆ ಫೋನ್ ಮಾಡಿದ್ದ, ಕುರ್ಚಿ ಈ ಸಲ ಅರ್ಧ ಚಂದ್ರದ ಥರ ಹಾಕ್ಲಾ ಅಣ್ಣ ಅಂತ. ನೀನೇ ನೋಡ್ಕೋ ಅಂದೆ. ಆಮೇಲೆ ಸುಮ್ನೆ ಒಂದ್ಸಲ ಹೋಗಿ ನೋಡ್ಕೊಂಡ್ ಬರ್ತೀನಿ ಅಂತ ಬೈಕ್ ಕೀ ತಗೊಂಡೆ, ನಮ್ಮನೆಯವ್ಳು ಅದನ್ನ ಕೈಯಿಂದ ಕಿತ್ಕೊಂಡು ಅಕ್ಕಿ ಡಬ್ಬಿ ಒಳಗೆ ಹಾಕಿದಾಳೆ.