ಪಾಲಿಅನಿಲಿನ್ ವಾಹಕತೆ ಮೈಕ್ರೋವೇವ್ ಕ್ಯಾವಿಟಿಯಲ್ಲಿ ಹತ್ತು ಸಾವಿರ ಪಟ್ಟು ಕಡಿಮೆ ಬರುತ್ತಿದೆ

ಪ್ರಶ್ನೆ: ಹೈಡ್ರೊಕ್ಲೋರಿಕ್ ಆಮ್ಲದಿಂದ ಡೋಪ್ ಮಾಡಿದ (ಆಮ್ಲ ಸೇರಿಸಿ ವಾಹಕವಾಗಿಸಿದ) ಪಾಲಿಅನಿಲಿನ್ ಎಂಬ ಪಾಲಿಮರ್‌ನ ಪೆಲೆಟ್ (ಪುಡಿ ಒತ್ತಿದ ಬಿಲ್ಲೆ). ನಾಲ್ಕು-ಪ್ರೋಬ್‌ನಲ್ಲಿ (ನಾಲ್ಕು ಸೂಜಿ ತಾಗಿಸುವ ಡಿಸಿ, ಅಂದರೆ ನೇರ ವಿದ್ಯುತ್ ಅಳತೆ) ವಾಹಕತೆ 2 ಸೀಮನ್ಸ್/ಸೆಂ.ಮೀ. ಅದರದ್ದೇ 2 ಮಿ.ಮೀ. ತುಂಡನ್ನು ಟಿಇ103 ಕ್ಯಾವಿಟಿಯಲ್ಲಿ (ಮೈಕ್ರೋವೇವ್ ಅನುರಣಿಸುವ ಲೋಹದ ಪೆಟ್ಟಿಗೆ; 9.4 ಗಿಗಾಹರ್ಟ್ಸ್; ನಷ್ಟ ಹೆಚ್ಚಿದಷ್ಟೂ ಇಳಿಯುವ ಕ್ಯೂ ಖಾಲಿಯಿದ್ದಾಗ 3000) ವಿದ್ಯುತ್ ಕ್ಷೇತ್ರ ಗರಿಷ್ಠವಿರುವಲ್ಲಿ ಥರ್ಮೊಕೋಲ್ ಮೇಲಿಟ್ಟು, ಕ್ಯೂ ಇಳಿಕೆಯಿಂದ ವಾಹಕತೆ ಕೊಡುವ ಸೂತ್ರ ಹಾಕಿದರೆ 0.0002 ಬರುತ್ತಿದೆ. ತೇವ ಕಾರಣವೇ?

ಉತ್ತರ 1: ತೇವವಲ್ಲ. ನೀವು ಬಳಸಿದ ಸೂತ್ರ ಮೇಲಿಂದ ಕೆಳಗಿನವರೆಗೆ ನಿಂತ ತೆಳು ಕಡ್ಡಿಗೆ ಮಾತ್ರ ಸರಿ. ಸುತ್ತ ಗಾಳಿಯಿರುವ ತುಂಡಿನಲ್ಲಿ ಮೇಲ್ಮೈ ಚಾರ್ಜ್‌ಗಳು ಒಳಗಿನ ಕ್ಷೇತ್ರವನ್ನು ತಡೆಯುತ್ತವೆ. ಗೋಳಾಕಾರವೆಂದು ಹಿಡಿದರೆ, ε″ (ಪರ್ಮಿಟಿವಿಟಿಯ ನಷ್ಟದ ಭಾಗ, ವಾಹಕತೆಯೊಂದಿಗೆ ಏರುತ್ತದೆ) ಸರಿಸುಮಾರು ε′+2 (ε′ ನಷ್ಟವಿಲ್ಲದ ಭಾಗ) ಆದಾಗ ನಷ್ಟ ಗರಿಷ್ಠ. ಅದನ್ನು ದಾಟಿದ ಮೇಲೆ ವಾಹಕತೆ ಏರಿದಷ್ಟೂ ನಷ್ಟ ಇಳಿಯುತ್ತದೆ. ನಿಮ್ಮ ಪೆಲೆಟ್‌ನ ε″ ಸುಮಾರು 380, ಗರಿ ದಾಟಿ ಎಷ್ಟೋ ದೂರ. ಅಂದರೆ ಒಂದೇ ಕ್ಯೂ ಇಳಿಕೆಗೆ ಎರಡು ಉತ್ತರಗಳಿವೆ, ಸೂತ್ರ ನಿಮಗೆ ತಪ್ಪಾದದ್ದನ್ನು ಕೊಟ್ಟಿದೆ.

ಇನ್ನೊಂದು ಸುಳಿವು: ಎಲೆಕ್ಟ್ರಾನ್‌ಗಳು ಹಾರಿ ಹಾರಿ ಸಾಗುವ ಇಂಥ ವಸ್ತುವಿನಲ್ಲಿ ಆವರ್ತನ ಏರಿದರೆ ವಾಹಕತೆ ಏರಬೇಕು. ಡಿಸಿಗಿಂತ ಕಡಿಮೆ ಬಂತೆಂದರೆ ಮೊದಲು ಅಳತೆಯನ್ನೇ ಅನುಮಾನಿಸಿ.

ಪ್ರಶ್ನೆ: ಹಾಗಾದರೆ ಪೂರ್ತಿ ಎತ್ತರದ ಕಡ್ಡಿಯನ್ನೇ ಇಡಲೇ?

ಉತ್ತರ 1: ಕ್ಯೂ ಅರ್ಧಕ್ಕಿಂತ ಕೆಳಗೆ ಹೋಗಬಾರದೆಂದರೆ ಕಡ್ಡಿಯ ವ್ಯಾಸ ಸುಮಾರು 20 ಮೈಕ್ರಾನ್ ಇರಬೇಕು. ಪುಡಿಯಿಂದ ಆಗದ ಮಾತು.

ಉತ್ತರ 2: ಕ್ಯಾವಿಟಿ ಬಿಡಿ, ಫಿಲ್ಮ್ ಮಾಡಿ. ಎಮರಾಲ್ಡೀನ್ ಬೇಸನ್ನು (ಡೋಪ್ ಆಗದ ಪಾಲಿಅನಿಲಿನ್) ಎನ್‌ಎಂಪಿ ಎಂಬ ದ್ರಾವಕದಲ್ಲಿ 1–2% ಕರಗಿಸಿ (ಹೆಚ್ಚಾದರೆ ಜೆಲ್ ಕಟ್ಟುತ್ತದೆ), ಸೋಸಿ, ಗಾಜಿನ ಮೇಲೆ ಸುರಿದು 60 ಡಿಗ್ರಿಯಲ್ಲಿ ಒಣಗಿಸಿ. ನೀರಲ್ಲಿ ನೆನೆಸಿದರೆ ಬಿಟ್ಟುಬರುತ್ತದೆ. ಉಳಿದ ಎನ್‌ಎಂಪಿ ತೊಳೆದು 1 ಮೋಲಾರ್ ಆಮ್ಲದಲ್ಲಿ ಡೋಪ್ ಮಾಡಿ. ಆಮೇಲೆ ನಿರ್ವಾತದಲ್ಲಿ ಬಿಸಿಮಾಡಿ ಒಣಗಿಸಬೇಡಿ, ಆಮ್ಲವೇ ಹೊರಟುಹೋಗುತ್ತದೆ.

ಫಿಲ್ಮನ್ನು ವೇವ್‌ಗೈಡ್‌ನ (ಮೈಕ್ರೋವೇವ್ ಸಾಗಿಸುವ ಲೋಹದ ಕೊಳವೆ) ತೆರಪಿಗಿಂತ (22.86 × 10.16 ಮಿ.ಮೀ.) ದೊಡ್ಡದಾಗಿ ಕತ್ತರಿಸಿ, ಅಂಚಿಗೆ ಸಿಲ್ವರ್ ಪೇಂಟ್ ಹಚ್ಚಿ ಎರಡು ವೇವ್‌ಗೈಡ್ ಫ್ಲೇಂಜ್‌ಗಳ (ಕೊಳವೆ ತುದಿಯ ಜೋಡಣೆ ಪಟ್ಟಿಗಳ) ನಡುವೆ ಬಿಗಿಯಿರಿ. ಕ್ಯಾಲಿಬ್ರೇಶನ್ ಆ ಫ್ಲೇಂಜ್ ಮುಖದಲ್ಲೇ ಆಗಿರಲಿ. ಎಸ್21 (ಫಿಲ್ಮ್ ದಾಟಿ ಹೋಗುವ ತರಂಗದ ಪಾಲು) = 2/(2 + Z/R); 10 ಗಿಗಾಹರ್ಟ್ಸ್‌ನಲ್ಲಿ ವೇವ್‌ಗೈಡ್‌ನ ತರಂಗ ಪ್ರತಿರೋಧ Z ಸುಮಾರು 499 ಓಮ್. ವಾಹಕತೆ 2 ಸೀಮನ್ಸ್/ಸೆಂ.ಮೀ. ಇದ್ದರೆ 20 ಮೈಕ್ರಾನ್ ಫಿಲ್ಮ್‌ನ ಶೀಟ್ ರೋಧ R 250 ಓಮ್, ಎಸ್21 ಸುಮಾರು −6 ಡಿಬಿ. ಅಳೆಯಲು ಹೇಳಿ ಮಾಡಿಸಿದ ಮಟ್ಟ.

ಎಸ್21 = 1 + ಎಸ್11 (ಎಸ್11 ಎಂದರೆ ಹಿಂದಿರುಗುವ ತರಂಗದ ಪಾಲು) ಎಂಬುದನ್ನು ಹಂತಕೋನ ಸಮೇತ ನೋಡಿ. ಇದು ತಾಳೆಯಾಗದಿದ್ದರೆ ಫ್ಲೇಂಜ್‌ನಲ್ಲಿ ಸೋರಿಕೆಯೋ ಕ್ಯಾಲಿಬ್ರೇಶನ್ ತಪ್ಪೋ ಇದೆ. ತಾಳೆಯಾಗಿಯೂ ಎಸ್21 ಸೊನ್ನೆ ಡಿಬಿಯ ಹತ್ತಿರವಿದ್ದರೆ ಅಗಲ ಗೋಡೆಯ ಬಳಿ ಫಿಲ್ಮ್ ಹರಿದಿದೆ: ಅಲ್ಲಿನ ಸಂದು ಸರಣಿಯಲ್ಲಿ ಸೇರಿದ ಕೆಪಾಸಿಟರ್.