ಅವಕೆಂಪು, ಅತಿಗೆಂಪು, ಕೆಂಪಿನಾಚೆ: ಯಾವುದು ವಾಸಿ?

ಕಣ್ಣಿಗೆ ಕಾಣದ ಬೆಳಕಿನ ಬಗ್ಗೆ ಮಕ್ಕಳಿಗಾಗಿ ಒಂದು ಬರಹ ತಯಾರಾಗುತ್ತಿದೆ. ಇನ್‌ಫ್ರಾರೆಡ್‌ಗೆ ಕನ್ನಡದಲ್ಲಿ ಏನನ್ನಬೇಕು ಅನ್ನುವಲ್ಲಿ ಬಂಡಿ ನಿಂತಿದೆ.

'ಅತಿಗೆಂಪು' ಅಂದರೆ ಕೇಳಿದವರು ಕಡುಗೆಂಪು ಅಂದುಕೊಳ್ಳುತ್ತಾರೆ, ಅಲ್ವಾ? ಅಲ್ಲಿ ಕೆಂಪೇ ಇಲ್ಲ. ಇನ್‌ಫ್ರಾರೆಡ್ ಬೆಳಕು ಬಿಡುವ ಟಿವಿ ರಿಮೋಟಿನ ಮೂತಿಯನ್ನು ಮೊಬೈಲ್ ಕ್ಯಾಮೆರಾಗೆ ಹಿಡಿದು ಗುಂಡಿ ಒತ್ತಿ ನೋಡಿ. ಸೆಲ್ಫಿ ಕ್ಯಾಮೆರಾ ಆದರೆ ಒಳ್ಳೆಯದು, ಹಿಂದಿನದು ಎಷ್ಟೋ ಸಲ ಈ ಬೆಳಕನ್ನು ಸೋಸಿಬಿಡುತ್ತದೆ. ಪರದೆಯ ಮೇಲೆ ಮಿಣಕುವುದು ತಿಳಿನೇರಳೆ ಚುಕ್ಕೆ! ಅದೂ ಕ್ಯಾಮೆರಾ ಕೊಟ್ಟ ಬಣ್ಣ. ಬರಿಗಣ್ಣಿಗೆ ಏನೂ ಇಲ್ಲ.

ಪಠ್ಯಪುಸ್ತಕದ 'ಅವಕೆಂಪು' ಆವರ್ತನದ (ಅಲೆ ಸೆಕೆಂಡಿಗೆ ಎಷ್ಟು ಸಲ ಮಿಡಿಯುತ್ತದೆ ಅನ್ನುವ) ಲೆಕ್ಕದಲ್ಲಿ ಸರಿ. 'ಅವ' ಅಂದರೆ ಕೆಳಗೆ. ಆದರೆ ಅಲೆಯುದ್ದ ಹಿಡಿದು ಹೇಳಿದರೆ ಅದು ಕೆಂಪಿಗಿಂತ ಜಾಸ್ತಿ: ಕೆಂಪು ಸುಮಾರು 700 ನ್ಯಾನೊಮೀಟರಿಗೆ ಮುಗಿಯುತ್ತದೆ, ರಿಮೋಟಿನದು ಸಾಮಾನ್ಯವಾಗಿ 940ರ ಆಸುಪಾಸು. 'ಶಾಖಕಿರಣ' ಬೇಡವೇ ಬೇಡ. ರಿಮೋಟಿನಿಂದ ಯಾರ ಕೈಯೂ ಬೆಚ್ಚಗಾಗುವುದಿಲ್ಲ.

ನನ್ನ ಒಲವು 'ಕೆಂಪಿನಾಚೆ' ಕಡೆಗೆ. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕದಿಂದ (ಪ್ರಿಸಂ) ಬಿದ್ದ ಬಣ್ಣದ ಪಟ್ಟಿಯಲ್ಲಿ ಕೆಂಪು ಮುಗಿದ ಜಾಗದಿಂದ ಆಚೆಗೇ ಥರ್ಮಾಮೀಟರ್ ಇಟ್ಟಿದ್ದು. ಬಿಸಿ ಅಲ್ಲೇ ಜಾಸ್ತಿ ಕಂಡಿತು. ಮರುವರ್ಷ ವಿಜ್ಞಾನಿ ಯೊಹಾನ್ ರಿಟ್ಟರ್ ಇನ್ನೊಂದು ತುದಿಯಲ್ಲಿ, ನೇರಳೆಯಿಂದ ಆಚೆ, ಬೆಳಕು ಬಿದ್ದರೆ ಕಪ್ಪಾಗುವ ಸಿಲ್ವರ್ ಕ್ಲೋರೈಡ್ ಇನ್ನೂ ಬೇಗ ಕಪ್ಪಾಗುವುದನ್ನು ಕಂಡರು. ಹಾಗಾದರೆ ಅದು, ಅಂದರೆ ಅಲ್ಟ್ರಾವಯೊಲೆಟ್ (ಯುವಿ), 'ನೇರಳೆಯಾಚೆ' ಆಗಲಿ. ('ನೇರಳಾತೀತ' ಯಾವ ಸಂಧಿಯೋ ದೇವರೇ ಬಲ್ಲ.)

ವಾಕ್ಯದಲ್ಲಿ ಹೀಗೆ ಬರುತ್ತದೆ: "ನೇರಳೆಯಾಚೆಯ ಬೆಳಕಿನಲ್ಲಿ ಯುವಿ-ಬಿ ಬಹುಪಾಲು ಕಿಟಕಿ ಗಾಜಿನಲ್ಲೇ ನಿಂತುಬಿಡುತ್ತದೆ, ಯುವಿ-ಎ ಒಳಗೆ ಬರುತ್ತದೆ. ಗಾಜಿನ ಹಿಂದೆ ಬಿಸಿಲು ಕಾಯಿಸಿದರೆ ವಿಟಮಿನ್ ಡಿ ಸಿಗುವುದಿಲ್ಲ. ಕಿಟಕಿ ಪರದೆಯ ಬಣ್ಣ ಮಾತ್ರ ಹೋಗುತ್ತದೆ." ಓದಲು ಎಡವುವುದಿಲ್ಲ.

ತೊಡಕು ಬರುವುದು ಇನ್ನೊಂದು ಪದ ಸೇರಿಸಿದಾಗ. 'ಕೆಂಪಿನಾಚೆ ಕ್ಯಾಮೆರಾ' ಅಂದರೆ ಕ್ಯಾಮೆರಾನೇ ಎಲ್ಲೋ ಆಚೆ ಇದ್ದ ಹಾಗೆ. ಮಳೆ + ಕಾಲ 'ಮಳೆಗಾಲ' ಆಗುವ ಮಾದರಿಯಲ್ಲಿ 'ಆಚೆಗೆಂಪು' ಮಾಡಬಹುದು, ಆದರೆ 'ಆಚೆಮನೆ' ಅಂದರೆ ಅದೂ ಮನೆಯೇ ತಾನೆ? ಕೆಂಪು ಮತ್ತೆ ಒಳಗೆ ನುಗ್ಗುತ್ತದೆ. 'ಕೆಂಪಿನಾಚೆ'ಯನ್ನು ಗುಣವಾಚಕದಂತೆ ಬಳಸಲು ಚಿಕ್ಕ ರೂಪ ಯಾರಿಗಾದರೂ ಹೊಳೆಯುತ್ತದೆಯೇ? ಅಥವಾ ಸುಮ್ನೆ 'ಇನ್‌ಫ್ರಾರೆಡ್ ಕ್ಯಾಮೆರಾ' ಅಂತಲೇ ಬಿಡುವುದೋ?